ಹೆಸರೇನಪಾ, ಯಾವೂರು?

ಕಲಬುರಗಿಯಿಂದ ಹುಮನಾಬಾದ್ ಕಡೆಗೆ ಹೊರಟರೆ ಕಮಲಾಪುರ ಸಿಗುತ್ತದೆ. ಕೆಂಪು ಬಾಳೆಗೆ ಹೆಸರಾದ ಊರು, ಸುತ್ತಮುತ್ತ ಲಂಬಾಣಿ ತಾಂಡಾಗಳು. ಈ ರಸ್ತೆಯಲ್ಲಿ ಪೊಲೀಸರು ತಡೆದು ‘ಹೆಸರೇನಪಾ, ಯಾವೂರು?’ ಎಂದರೆ ಉತ್ತರ ಕೊಡಲೇಬೇಕೆ? ಕಾಲಕ್ಕೊಂದು, ಜಾತಿಗೊಂದು ಕಾನೂನು ಇದ್ದ ನಾಡಿದು.

ನಿಜಾಮರ ಕಾಲದಲ್ಲಿ ಗುಲ್ಬರ್ಗಾ ಒಂದು ಸುಬಾದ ಕೇಂದ್ರ. ಪೊಲೀಸು, ಕೋರ್ಟು, ಕಾಯ್ದೆ ಎಲ್ಲವೂ ಹೈದರಾಬಾದ್ ಸಂಸ್ಥಾನದವೇ. ಠಾಣೆಯಲ್ಲಿ ಕೂತವರು ಅಮೀನ ಸಾಹೇಬರು. ಬ್ರಿಟಿಷರ 1898ರ ದಂಡ ಪ್ರಕ್ರಿಯಾ ಸಂಹಿತೆ ಇಲ್ಲಿಗೆ ಕಾಲಿಟ್ಟದ್ದು 1951ರ ಏಪ್ರಿಲ್ 1ರಂದು, ಸಂಸ್ಥಾನವನ್ನು ಭಾರತಕ್ಕೆ ಸೇರಿಸಿದ ಪೊಲೀಸ್ ಕಾರ್ಯಾಚರಣೆ ಮುಗಿದು ಎರಡೂವರೆ ವರ್ಷವಾದ ಮೇಲೆ.

ಆದರೆ ಹೆಸರು ಕೇಳುವುದರ ಕಹಿ ಚರಿತ್ರೆ ಇರುವುದು ಇನ್ನೊಂದು ಕಾಯ್ದೆಯಲ್ಲಿ. 1871ರಲ್ಲಿ ಮುಂಬೈ ಕಡೆಯ ರೈಲು ಈ ಸೀಮೆ ಹಾಯ್ದು ರಾಯಚೂರು ಮುಟ್ಟಿತು. ಎತ್ತುಗಳ ಮೇಲೆ ಉಪ್ಪು, ಧಾನ್ಯ ಹೇರಿಕೊಂಡು ಊರೂರು ತಿರುಗುತ್ತಿದ್ದ ಲಂಬಾಣಿಗರ ಕಸುಬಿಗೆ ರೈಲೇ ಕುತ್ತಾಯಿತು. ಅದೇ ವರ್ಷ ಬ್ರಿಟಿಷರು ‘ಅಪರಾಧಿ ಬುಡಕಟ್ಟು ಕಾಯ್ದೆ’ ತಂದರು. ಮೊದಲು ಉತ್ತರ ಭಾರತಕ್ಕಷ್ಟೇ ಇದ್ದ ಅದು 1911ರಲ್ಲಿ ಇಡೀ ಬ್ರಿಟಿಷ್ ಇಂಡಿಯಾಕ್ಕೆ ಹಬ್ಬಿತು. ಮುಂಬೈ ಪ್ರಾಂತದಲ್ಲಿದ್ದ ಹುಬ್ಬಳ್ಳಿ, ವಿಜಯಪುರ, ಬೆಟಗೇರಿಗಳಲ್ಲಿ ‘ಸೆಟ್ಲ್‌ಮೆಂಟು’ಗಳು ಎದ್ದವು. ಗಂಟಿಚೋರ್, ಹರಣಶಿಕಾರಿ, ಕೊರಮರಂಥ ಸಮುದಾಯದವರು ಹೆಬ್ಬೆಟ್ಟು ಒತ್ತಬೇಕು, ಹಾಜರಿ ಕೂಗಿದಾಗ ‘ಇದ್ದೀನಿ’ ಅನ್ನಬೇಕು, ಊರು ಬಿಡಬೇಕಾದರೆ ಪಾಸು ಪಡೆಯಬೇಕು. ಕಳವು ಮಾಡಿರಲಿ, ಬಿಡಲಿ, ಹುಟ್ಟಿದ್ದೇ ತಪ್ಪು. ಇಂಥ ಅನ್ಯಾಯವನ್ನು ಕಾನೂನು ಎಂದು ಕರೆದು ದಶಕಗಟ್ಟಲೆ ನಡೆಸಿದರು. 1952ರ ಆಗಸ್ಟ್ 31ರಂದು ಅದು ರದ್ದಾಯಿತು. ವಿಮುಕ್ತ ಸಮುದಾಯಗಳು ಆ ದಿನವನ್ನು ಇಂದಿಗೂ ಆಚರಿಸುತ್ತವೆ. ಹುಬ್ಬಳ್ಳಿಯ ಬಡಾವಣೆಗೆ ಮಾತ್ರ ಸೆಟ್ಲ್‌ಮೆಂಟ್ ಎಂಬ ಹೆಸರು ಉಳಿದೇಬಿಟ್ಟಿದೆ.

ಸಾಮಾನ್ಯ ಕಾನೂನು ಇಷ್ಟು ಕ್ರೂರವಲ್ಲ. 1898ರ ಸಂಹಿತೆಯ 57ನೇ ಕಲಮೇ 1973ರಲ್ಲಿ 42 ಆಯಿತು, 2024ರ ಜುಲೈ 1ರಿಂದ ನಾಗರಿಕ ಸುರಕ್ಷಾ ಸಂಹಿತೆಯ 39 ಆಗಿದೆ. ವಾರಂಟಿಲ್ಲದೆ ಹಿಡಿಯಲಾಗದ ಸಣ್ಣ ಅಪರಾಧವನ್ನು ಪೊಲೀಸರ ಕಣ್ಣೆದುರೇ ಮಾಡಿದವರು, ಅಥವಾ ಅಂಥ ಆರೋಪ ಹೊತ್ತವರು, ಕೇಳಿದಾಗ ಹೆಸರು, ವಿಳಾಸ ಹೇಳದಿದ್ದರೆ ಅಥವಾ ಸುಳ್ಳು ಹೇಳಿದರೆ ಬಂಧಿಸಬಹುದು. ಅದೂ ಹೆಸರು ಖಚಿತವಾಗುವವರೆಗೆ ಮಾತ್ರ. ಗೊತ್ತಾದೊಡನೆ ಮುಚ್ಚಳಿಕೆ ಬರೆಸಿಕೊಂಡು ಬಿಡಬೇಕು. 24 ಗಂಟೆಯಲ್ಲಿ ಗೊತ್ತಾಗದಿದ್ದರೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು.

ವಾಹನ ಓಡಿಸುವವರ ಮಾತು ಬೇರೆ. 1988ರ ಮೋಟಾರು ವಾಹನ ಕಾಯ್ದೆಯ 130ನೇ ಕಲಂ ಪ್ರಕಾರ ಸಮವಸ್ತ್ರದಲ್ಲಿರುವ ಪೊಲೀಸರು ಕೇಳಿದರೆ ಲೈಸೆನ್ಸ್ ತೋರಿಸಲೇಬೇಕು; ಡಿಜಿಲಾಕರ್‌ನಲ್ಲಿದ್ದರೂ ನಡೆಯುತ್ತದೆ. ಕಾಲ್ನಡಿಗೆಯವರು ಸದಾ ಗುರುತಿನ ಚೀಟಿ ಇಟ್ಟುಕೊಂಡೇ ಓಡಾಡಬೇಕೆಂಬ ಸಾಮಾನ್ಯ ಕಾನೂನು ದೇಶದಲ್ಲಿಲ್ಲ.

ಇನ್ನೊಂದು ಸಂಗತಿಯನ್ನು ತಾಂಡಾದ ಹುಡುಗರೂ ನಗರದ ಆಟೋದವರೂ ತಿಳಿದಿರಬೇಕು. 1996ರ ಡಿಸೆಂಬರಿನಲ್ಲಿ ಡಿ.ಕೆ. ಬಸು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಈಗ ಹೊಸ ಸಂಹಿತೆಯ 36ನೇ ಕಲಮಿನಲ್ಲಿದೆ: ಬಂಧಿಸಲು ಬಂದ ಪೊಲೀಸರ ಎದೆಯ ಮೇಲೂ ಅವರ ಹೆಸರು ಎಲ್ಲರಿಗೂ ಕಾಣುವಂತಿರಬೇಕು. ಅದನ್ನು ಓದಿಕೊಳ್ಳಿ, ನೆನಪಿಡಿ.