ಆನೆಯ ಮೈ, ಅರಸನ ಕಣ್ಣು

ಕೌಟಿಲ್ಯನ ಅರ್ಥಶಾಸ್ತ್ರವೆಂದೊಡನೆ ನಮಗೆ ನೆನಪಾಗುವುದು ಗೂಢಚಾರರು, ಸಂಧಿವಿಗ್ರಹಗಳು, ಸುಂಕ ತೆರಿಗೆಗಳು. ಆರ್. ಶಾಮಶಾಸ್ತ್ರಿಗಳು ೧೯೦೫ರಲ್ಲಿ ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ಗುರುತಿಸಿ, ೧೯೦೯ರಲ್ಲಿ ಅಚ್ಚು ಹಾಕಿಸಿದ ಆ ಗ್ರಂಥದಲ್ಲಿ ಹಸ್ತ್ಯಧ್ಯಕ್ಷನ ಕರ್ತವ್ಯಗಳನ್ನು ಹೇಳುವ ಭಾಗವೂ ಒಂದುಂಟು, ಓದಿದವರು ಕಡಮೆ. ಕಾಡಿನಿಂದ ಹಿಡಿದು ತಂದ ಆನೆಯ ಮೈಯಲ್ಲಿ ಮಾಂಸ ಮೇದಸ್ಸುಗಳು ಎಷ್ಟು ತುಂಬಿವೆ ಎಂಬುದನ್ನು ಕಣ್ಣಿನಿಂದಲೇ ಅಳೆಯುವ ಏಳು ಮೆಟ್ಟಿಲುಗಳು ಅಲ್ಲಿವೆ.

ಅವುಗಳಿಗೆ ಶಾಸ್ತ್ರಕಾರನಿಟ್ಟ ಹೆಸರು ‘ಶೋಭೆ’. ಕೊಬ್ಬನ್ನು ಶೋಭೆಯೆಂದರೆ ಇಂದಿನವರು ನಕ್ಕಾರು. ಆದರೆ ಹಸಿದ ಪ್ರಾಣಿಯನ್ನು ಹತ್ತಿರದಿಂದ ಕಂಡವರು ನಗಲಾರರು. ಮೊದಲ ಮೆಟ್ಟಿಲಿನ ಆನೆ ಬರಿಯ ಎಲುಬು ತೊಗಲು. ಮೈಯಲ್ಲಿ ಈಗಷ್ಟೇ ರಕ್ತ ಕೂಡತೊಡಗಿದೆ. ಬರಬರುತ್ತ ಎಲುಬುಗಳು ಮರೆಯಾಗುತ್ತವೆ, ಪಕ್ಕೆಗಳು ನುಣುಪಾಗುತ್ತವೆ, ಬೆನ್ನು ಸಮನಾಗುತ್ತದೆ. ಕೊನೆಯದು ‘ಜಾತದ್ರೋಣಿಕಾ’. ದ್ರೋಣಿ, ಎಂದರೆ ದೋಣಿ. ಬೆನ್ನೆಲುಬಿನ ಇಕ್ಕೆಲದಲ್ಲಿ ಮಾಂಸವುಬ್ಬಿ, ನಡುವೆ ದೋಣಿಯ ಒಡಲಿನಂಥ ತಗ್ಗು ಮೂಡಿದೆ. ಒಂದೇ ಮಾತಿನಲ್ಲಿ ಇಡೀ ಬೆನ್ನು ಕಣ್ಣಿಗೆ ಕಟ್ಟುವಂತೆ ಹೇಳಿದ ಆ ಶಾಸ್ತ್ರಕಾರನನ್ನು ಶುಷ್ಕನೆನ್ನಲು ನನಗೆ ಮನಸ್ಸು ಬಾರದು.

ಹಾಗೆಂದು ಇದನ್ನು ಭೂತದಯೆಯೆಂದು ಭ್ರಮಿಸಬೇಕಾಗಿಲ್ಲ. ಶೋಭೆಯನ್ನು ನೋಡಿ ಆನೆಗೆ ವ್ಯಾಯಾಮ ಗೊತ್ತುಮಾಡಬೇಕೆಂಬುದೇ ಅಲ್ಲಿಯ ವಿಧಿ. ಏಳು ಮೊಳ ಎತ್ತರ, ಒಂಬತ್ತು ಮೊಳ ಉದ್ದ, ಹತ್ತು ಮೊಳ ಸುತ್ತಳತೆ, ನಲವತ್ತು ವರ್ಷ ವಯಸ್ಸು: ಇದು ಉತ್ತಮ ಗಜದ ಲಕ್ಷಣ. ಅರಸನಿಗೆ ಬೇಕಾದದ್ದು ಕೋಟೆಯ ಬಾಗಿಲು ಮುರಿಯುವ ಬಲ.

ಇಪ್ಪತ್ತನೆಯ ಶತಮಾನದ ವಿಜ್ಞಾನ ಇದೇ ಪ್ರಶ್ನೆಗೆ ಬೇರೆ ದಾರಿ ಹಿಡಿಯಿತು. ನ್ಯೂಜಿಲೆಂಡಿನ ಕೆಂಪು ಜಿಂಕೆಗಳನ್ನು ಕುರಿತು ೧೯೫೫ರಲ್ಲಿ ಬರೆದ ಥೇನ್ ರೈನಿ, ಮೂತ್ರಪಿಂಡವನ್ನು ಸುತ್ತಿದ ಕೊಬ್ಬಿನ ತೂಕವನ್ನು ಮೂತ್ರಪಿಂಡದ ತೂಕದೊಡನೆ ಹೋಲಿಸಿ ಪ್ರಾಣಿಯ ಪುಷ್ಟಿಯನ್ನು ಹೇಳುವ ಕ್ರಮವನ್ನು ಪ್ರಚಾರಕ್ಕೆ ತಂದರು. ಉಪವಾಸ ಬಿದ್ದ ಜಿಂಕೆಯಲ್ಲಿ ಮೊದಲು ಬೆನ್ನಿನ ಕೊಬ್ಬು ಕರಗುತ್ತದೆ, ಬಳಿಕ ಮೂತ್ರಪಿಂಡದ್ದು. ಎಲುಬಿನೊಳಗಣ ಮಜ್ಜೆಯದು ಎಲ್ಲಕ್ಕೂ ಕಡೆಗೆ. ಮಜ್ಜೆ ಕೆಂಪು ಲೋಳೆಯಾಗಿದ್ದರೆ ಪ್ರಾಣಿ ಹಸಿವಿನ ಕೊನೆಯ ಅಂಚಿಗೆ ಬಂದಿತ್ತೆಂದು ಅರ್ಥ. ಲೆಕ್ಕವೇನೋ ಖಚಿತ. ಆದರೆ ಲೆಕ್ಕ ಸಿಗಬೇಕಾದರೆ ಜಿಂಕೆ ಸತ್ತಿರಬೇಕು!

ಆನೆಯ ವಿಷಯದಲ್ಲಿ ಈ ದಾರಿ ನಡೆಯದು. ಹೀಗಾಗಿ ವಿಜ್ಞಾನಿಗಳೂ ಕಣ್ಣಿಗೇ ಮರಳಿದರು. ೨೦೦೬ರಲ್ಲಿ ಕ್ರಿಸ್ಟನ್ ವೆಮ್ಮರ್ ಮತ್ತು ಸಂಗಡಿಗರು ಏಷ್ಯದ ಆನೆಗಾಗಿ ಒಂದು ಅಂಕಪದ್ಧತಿಯನ್ನು ಮುಂದಿಟ್ಟರು. ಕಣತಲೆಯ ಕುಳಿ, ಹೆಗಲೆಲುಬು, ಪಕ್ಕೆಲುಬು, ಸೊಂಟ ಮೊದಲಾದ ಕಡೆಗಳಲ್ಲಿ ಎಲುಬು ಎಷ್ಟು ಎದ್ದು ಕಾಣುತ್ತದೆಂದು ನೋಡಿ ಅಂಕ ಕೊಡುವುದು ಇದರ ರೀತಿ. ಹಸ್ತ್ಯಧ್ಯಕ್ಷನಿಗೆ ಇದು ಹೊಸದೆನಿಸುತ್ತಿರಲಿಲ್ಲ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಜೀತಾ ಪೋಖರೆಲ್, ಶೇಷಗಿರಿ, ರಾಮನ್ ಸುಕುಮಾರ್ ಇವರು ಮೈಸೂರು, ನೀಲಗಿರಿ ಸೀಮೆಯ ಕಾಡಾನೆಗಳನ್ನು ಇಂಥ ಕಣ್ಣಿನಿಂದಲೇ ನೋಡಿ, ಜೊತೆಗೆ ಅವುಗಳ ಲದ್ದಿಯನ್ನೂ ಪರೀಕ್ಷಿಸಿ ೨೦೧೭ರಲ್ಲಿ ಫಲಿತಾಂಶ ಪ್ರಕಟಿಸಿದರು. ಬೇಸಗೆಯಲ್ಲಿ ಬಡಕಲು ಆನೆಗಳ ಪ್ರಮಾಣ ಹೆಚ್ಚು. ಬಡಕಲಾದ ಆನೆಯ ಲದ್ದಿಯಲ್ಲಿ ಒಡಲ ಬೇಗುದಿಯನ್ನು ತಿಳಿಸುವ ಹಾರ್ಮೋನಿನ ಶೇಷಗಳೂ ಹೆಚ್ಚು. ಇಪ್ಪತ್ತೆರಡು ತಿಂಗಳು ಬಸಿರು ಹೊತ್ತು, ಮತ್ತೆ ವರುಷಗಟ್ಟಲೆ ಹಾಲೂಡುವ ಹೆಣ್ಣಾನೆಗಳಲ್ಲಿ ಬೇಸಗೆಯ ಈ ಬೇಗುದಿ ಗಂಡಿಗಿಂತ ಮಿಗಿಲಾಗಿ ಕಂಡಿತು. ಅರ್ಥಶಾಸ್ತ್ರವು ಬಸುರಿಯನ್ನೂ ಮರಿಗೆ ಹಾಲೂಡುವ ಆನೆಯನ್ನೂ ಹಿಡಿಯಕೂಡದೆಂದು ವಿಧಿಸಿ, ಅವುಗಳನ್ನು ಕಾಡಿಗೇ ಬಿಟ್ಟಿತ್ತು.