ಈಜುಕೊಳದ ಮರಳು ಶೋಧಕ: ತೊಳೆದ ತರುವಾಯದ ಪಾಲನೆ

ಚಿಕ್ಕಮಗಳೂರು, ಮೂಡಿಗೆರೆ, ಕಳಸ ಸೀಮೆಯ ಕಾಫಿ ತೋಟಗಳ ನಡುವೆ ಹೋಂಸ್ಟೇಗಳೂ ರೆಸಾರ್ಟುಗಳೂ ತಲೆಯೆತ್ತಿದ ಮೇಲೆ, ಈಜುಕೊಳವೂ ಅದರ ನೀರನ್ನು ಸೋಸುವ ಮರಳಿನ ಶೋಧಕವೂ ಈ ಮಲೆಸೀಮೆಗೆ ಪರಿಚಿತವಾದುವು. ಸ್ಕಾಟ್ಲೆಂಡಿನ ಪೈಸ್ಲಿಯಲ್ಲಿ 1804ರಲ್ಲಿ ಜಾನ್ ಗಿಬ್ ಎಂಬವನು ಊರಿನ ನೀರನ್ನು ಮರಳಿನಲ್ಲಿ ಹಾಯಿಸಿ ತಿಳಿಗೊಳಿಸಿದನು. ಕೊಳದ ಶೋಧಕದ್ದೂ ಅದೇ ತತ್ತ್ವ, ಗತಿ ಮಾತ್ರ ಶೀಘ್ರ. ಮುಚ್ಚಿದ ತೊಟ್ಟಿಯಲ್ಲಿ ತುಂಬಿದ, ಸುಮಾರು ಅರ್ಧ ಮಿಲಿಮೀಟರ್ ಗಾತ್ರದ ಸಿಲಿಕಾ ಮರಳಿನ ಮೂಲಕ ಪಂಪು ನೀರನ್ನು ಮೇಲಿನಿಂದ ಕೆಳಕ್ಕೆ ನೂಕುತ್ತದೆ. ಪ್ರವಾಹವನ್ನು ತಿರುಗುಮುರುಗಾಗಿಸಿ ಮರಳನ್ನು ತೊಳೆಯುವುದೇ ಬ್ಯಾಕ್‌ವಾಶ್.

ತೊಳೆದೊಡನೆ ಶೋಧಕವು ಸರ್ವೋತ್ತಮ ಸ್ಥಿತಿಯಲ್ಲಿರುವುದೆಂಬ ನಂಬಿಕೆ ಸಾಮಾನ್ಯ; ವಸ್ತುಸ್ಥಿತಿ ತದ್ವಿರುದ್ಧ. ಮರಳಿನ ಕಣಗಳ ನಡುವಣ ತೆರಪುಗಳು ಬರಿದಾಗಿರುವ ಆ ಹೊತ್ತಿನಲ್ಲಿ ಸೂಕ್ಷ್ಮ ಧೂಳು ಸುಲಭವಾಗಿ ನುಸುಳುತ್ತದೆ. ಅಲ್ಲಿ ತಂಗಿದ ತುಸು ಕೊಳೆಯೇ ಮುಂದೆ ಬರುವ ಕೊಳೆಯನ್ನು ತಡೆಹಿಡಿಯುತ್ತದೆ. ಆದಕಾರಣ ದಿನಂಪ್ರತಿ ತೊಳೆಯುವ ಅತ್ಯುತ್ಸಾಹವು ಅಲಕ್ಷ್ಯದಷ್ಟೇ ಹಾನಿಕರ.

ಬ್ಯಾಕ್‌ವಾಶ್ ಮುಗಿದೊಡನೆ ಪಂಪನ್ನು ನಿಲ್ಲಿಸಿಯೇ ವಾಲ್ವಿನ ಹಿಡಿಯನ್ನು ತಿರುಗಿಸತಕ್ಕದ್ದು. ಇಲ್ಲವಾದರೆ ಒಳಗಿನ ರಬ್ಬರ್ ಗ್ಯಾಸ್ಕೆಟ್ ಹರಿದು, ಕೊಳದ ನೀರು ಯಾರ ಗಮನಕ್ಕೂ ಬಾರದೆ ಹೊರಕೊಳವೆಯಲ್ಲಿ ಸೋರಿಹೋಗುತ್ತದೆ. ಬಳಿಕ ‘ರಿನ್ಸ್’ ಸ್ಥಾನದಲ್ಲಿ ಅರ್ಧ ನಿಮಿಷದಿಂದ ಒಂದು ನಿಮಿಷದವರೆಗೆ, ಪಕ್ಕದ ಗಾಜಿನ ಕಿಂಡಿಯಲ್ಲಿ ನೀರು ತಿಳಿಯಾಗಿ ಕಾಣುವ ತನಕ, ಹೊರಹರಿಸಬೇಕು. ಈ ಹಂತವನ್ನು ಬಿಟ್ಟುಬಿಟ್ಟಲ್ಲಿ ಕಲಕಿದ ಕೆಸರು ಕೊಳಕ್ಕೇ ಮರಳುತ್ತದೆ. ಶೋಧನೆ ಪುನರಾರಂಭವಾದಾಗ ಮಾಪಕದ ಮುಳ್ಳು ತೋರುವ ಒತ್ತಡವನ್ನು ಬರೆದಿಟ್ಟುಕೊಳ್ಳುವುದು ಲೇಸು. ಅದು 8ರಿಂದ 10 ಪಿಎಸ್‌ಐ ಏರಿದಾಗಲಷ್ಟೇ ಮುಂದಿನ ತೊಳೆತ. ಹೊರಹೋದ ನೀರನ್ನು ತುಂಬಿ, ಕ್ಲೋರಿನ್ ಪ್ರಮಾಣವನ್ನು ಸರಿಪಡಿಸುವುದೂ ಈ ಪಾಲನೆಗೇ ಸೇರಿದ ಕಾರ್ಯ. ಮರಳನ್ನು ಸಾಮಾನ್ಯವಾಗಿ 5ರಿಂದ 7 ವರ್ಷಗಳಿಗೊಮ್ಮೆ ಬದಲಿಸುವುದುಂಟು.

ತೋಟದ ನಡುವಣ ಕೊಳಕ್ಕೆ ಪೇಟೆಯ ಕೊಳಕ್ಕಿಲ್ಲದ ಪೀಡೆಗಳಿವೆ. ಸಿಲ್ವರ್ ಓಕಿನ ತರಗೆಲೆ, ಹೂಮಳೆಯ ಬೆನ್ನಿಗೆ ಉದುರುವ ಕಾಫಿ ಹೂವಿನ ಎಸಳು, ಮುಂಗಾರಿನ ಕೆಮ್ಮಣ್ಣು—ಇವು ಸ್ಕಿಮ್ಮರಿನ ಬುಟ್ಟಿಯಲ್ಲಿಯೂ ಪಂಪಿನ ಜರಡಿಯಲ್ಲಿಯೂ ತಡೆಯಲ್ಪಟ್ಟಷ್ಟೂ ಮರಳಿನ ಹೊರೆ ಹಗುರವಾಗುತ್ತದೆ. ಪಟಿಕದಿಂದ ತಳಕ್ಕಿಳಿಸಿದ ಕೆಸರನ್ನಂತೂ ಶೋಧಕಕ್ಕೆ ಸೋಂಕಿಸದೆ ನೇರವಾಗಿ ಹೊರಕ್ಕೆ ಸೆಳೆಯಬೇಕು.

ತೊಳೆದ ನೀರಿನ ವಿಲೇವಾರಿ ಇಲ್ಲಿ ವಿಶೇಷ ವಿವೇಚನೆಯನ್ನು ಬೇಡುತ್ತದೆ. ಕಳಸದ ಬಳಿ ಭದ್ರೆ ಹರಿಯುತ್ತಾಳೆ. ಹೇಮಾವತಿ ಮೂಡಿಗೆರೆ ತಾಲ್ಲೂಕಿನಲ್ಲಿಯೇ ಹುಟ್ಟುತ್ತಾಳೆ. ಕ್ಲೋರಿನ್ ಬೆರೆತ ನೀರನ್ನು ಹಳ್ಳಕ್ಕೆ ಬಿಟ್ಟರೆ ಜಲಚರಗಳಿಗೆ ಅಪಾಯವಾದುದರಿಂದ, ಹಳ್ಳದಿಂದ ದೂರದ ಇಂಗುಗುಂಡಿಯಲ್ಲಿ ಅದನ್ನು ತಂಗಿಸುವುದು ಯುಕ್ತ. ಮಳೆಗಾಲದಲ್ಲಿ ವಿದ್ಯುತ್ತು ದಿನಗಟ್ಟಲೆ ಕೈಕೊಟ್ಟು ಪಂಪು ನಿಂತಿದ್ದರೆ, ಮರಳಿನೊಳಗಿನ ಜೈವಿಕ ಕಲ್ಮಷ ಕೊಳೆಯತೊಡಗುವುದರಿಂದ, ಮತ್ತೆ ಚಾಲೂ ಮಾಡಿದಾಗಿನ ಮೊದಲ ನೀರನ್ನೂ ಆ ಗುಂಡಿಗೇ ಬಿಡತಕ್ಕದ್ದು.