ಹೃದಯ ವೈಫಲ್ಯ: ವ್ಯಾಯಾಮ ಆಧಾರಿತ ಪುನಶ್ಚೇತನ

ಹೃದಯ ವೈಫಲ್ಯ ಎಂದರೆ ಹೃದಯ ನಿಂತುಹೋಗುವುದಲ್ಲ. ದೇಹಕ್ಕೆ ಬೇಕಾದಷ್ಟು ರಕ್ತವನ್ನು ಪಂಪ್ ಮಾಡಲಾಗದೆ ಅದು ಸೋಲುವುದು. ದೀರ್ಘಕಾಲದಿಂದ ಹೀಗೆ ಬಳಲುವವರಿಗೆ ವೈದ್ಯರ ನಿಗಾದಲ್ಲಿ, ಹಂತಹಂತವಾಗಿ ಕೊಡುವ ದೈಹಿಕ ತರಬೇತಿಯೇ ಈ ಪುನಶ್ಚೇತನ.

ಹಿಂದೆ ಇವರಿಗೆ ಹಾಸಿಗೆಯೇ ಔಷಧ ಎಂದು ನಂಬಲಾಗಿತ್ತು. ಆದರೆ ನಾಲ್ಕು ಮೆಟ್ಟಿಲು ಹತ್ತಿದರೆ ಬರುವ ಏದುಸಿರಿಗೆ ಹೃದಯವೊಂದೇ ಕಾರಣವಲ್ಲ, ಕೂತು ಕೂತು ಸೊರಗಿದ ಕಾಲಿನ ಸ್ನಾಯುಗಳೂ ಕಾರಣ. ತರಬೇತಿಯ ಲಾಭ ಬಹುಮಟ್ಟಿಗೆ ಕಾಣುವುದು ಅಲ್ಲೇ: ಸ್ನಾಯುಗಳು ಆಮ್ಲಜನಕವನ್ನು ಚೆನ್ನಾಗಿ ಬಳಸಿಕೊಳ್ಳುತ್ತವೆ, ರಕ್ತನಾಳಗಳು ಸಲೀಸಾಗಿ ಹಿಗ್ಗುತ್ತವೆ.

ಸಾಮಾನ್ಯವಾಗಿ ಮೊದಲು ಆಸ್ಪತ್ರೆಯ ಕಾರಿಡಾರಿನಲ್ಲಿ ರೋಗಿ 6 ನಿಮಿಷದಲ್ಲಿ ಎಷ್ಟು ದೂರ ನಡೆಯಬಲ್ಲರೆಂದು ಅಳೆಯುತ್ತಾರೆ. ನಡುವೆ ನಿಂತು ಗೋಡೆಗೆ ಒರಗಿ ಸುಧಾರಿಸಿಕೊಳ್ಳಬಹುದು, ಗಡಿಯಾರ ಮಾತ್ರ ನಿಲ್ಲುವುದಿಲ್ಲ. ಆಮೇಲೆ ನಡಿಗೆ, ನಿಂತಲ್ಲೇ ತುಳಿಯುವ ಸೈಕಲ್, ಹಗುರ ತೂಕ ಎತ್ತುವುದು. ಎಷ್ಟು ಶ್ರಮವಾಗುತ್ತಿದೆ ಎಂಬುದನ್ನು ಸ್ವೀಡನ್ನಿನ ಮನೋವಿಜ್ಞಾನಿ ಗುನ್ನಾರ್ ಬೋರ್ಗ್ ರೂಪಿಸಿದ 6ರಿಂದ 20ರ ಮಾಪಕದಲ್ಲಿ ರೋಗಿಯೇ ಹೇಳುತ್ತಾರೆ. 13 ಎಂದರೆ 'ಸ್ವಲ್ಪ ಕಷ್ಟ'.

2009ರಲ್ಲಿ ಪ್ರಕಟವಾದ 'ಎಚ್‌ಎಫ್-ಆ್ಯಕ್ಷನ್' ಅಧ್ಯಯನದಲ್ಲಿ ಅಮೆರಿಕ, ಕೆನಡಾ, ಫ್ರಾನ್ಸ್‌ಗಳ 2,331 ರೋಗಿಗಳಿದ್ದರು. ಸಾವು ಸ್ಪಷ್ಟವಾಗಿ ತಗ್ಗಿತೆಂದು ಅದು ಸಾಧಿಸಲಿಲ್ಲ. ಆದರೆ ವ್ಯಾಯಾಮ ಸುರಕ್ಷಿತ, ಬದುಕಿನ ಗುಣಮಟ್ಟವನ್ನು ಒಂದಿಷ್ಟಾದರೂ ಹೆಚ್ಚಿಸುತ್ತದೆ ಎಂದು ತೋರಿಸಿತು. ತಾನೇ ಸ್ನಾನ ಮಾಡಿ ಅಂಗಳದವರೆಗೆ ನಡೆದುಬರಲು ಹಂಬಲಿಸುವವರಿಗೆ ಅದು ಸಣ್ಣ ಲಾಭವಲ್ಲ.

ಎರಡು ಮೂರು ದಿನಗಳಲ್ಲೇ ತೂಕ 2 ಕಿಲೋದಷ್ಟು ಏರಿದರೆ, ಪಾದ ಊದಿಕೊಂಡರೆ, ಮಲಗಿದಾಗ ಉಸಿರು ಕಟ್ಟಿದರೆ ವ್ಯಾಯಾಮ ನಿಲ್ಲಿಸಿ ವೈದ್ಯರನ್ನು ಕಾಣಬೇಕು.